ಮಹಾನಗರ ರೈಲುಮಾರ್ಗಗಳೂ ಸರ್ಕಾರದ ಹಣವೂ

ನಗರದೊಳಗಿನ ರೈಲುಮಾರ್ಗವೊಂದು ಕೇವಲ ಟಿಕೆಟಿನ ಹಣದಿಂದ ನಿರ್ಮಾಣವಾಗುವುದು ಅತಿ ವಿರಳ. ಸುರಂಗ, ಮೇಲ್ಸೇತುವೆ, ನಿಲ್ದಾಣ, ಭೂಮಿಯ ಬೆಲೆ ಇವೆಲ್ಲವನ್ನೂ ಪ್ರಯಾಣಿಕನ ಮೇಲೆಯೇ ಹೊರಿಸಿದರೆ ಅವನು ಆ ರೈಲನ್ನು ಹತ್ತಲಾರನು. ಆದರೆ ಅದರ ಪ್ರಯೋಜನ ಹತ್ತಿದವನಿಗಷ್ಟೇ ಸೀಮಿತವಲ್ಲ. ರಸ್ತೆಯ ದಟ್ಟಣೆ ಕುಗ್ಗಿದರೆ ಬಸ್ಸಿನವನಿಗೂ ಲಾಭ. ಮಾರ್ಗದ ಇಕ್ಕೆಲದ ನಿವೇಶನದವನಿಗಂತೂ ಕುಳಿತಲ್ಲೇ ಲಾಭ. ಆದಕಾರಣ ಇಂತಹ ಕಾರ್ಯಕ್ಕೆ ಸರ್ಕಾರದ ಬೊಕ್ಕಸ ನೆರವಾಗುವುದು ನ್ಯಾಯವೇ ಸರಿ. ಆ ನೆರವು ಯಾವ ರೂಪದಲ್ಲಿ ಬರುತ್ತದೆ, ಕೊರತೆ ಬಿದ್ದಾಗ ಯಾರು ತುಂಬುತ್ತಾರೆ ಎಂಬುದು ವಿಚಾರಣೀಯ.

ಭಾರತದ ಮೊದಲ ಪ್ರಯೋಗ ಕಲ್ಕತ್ತೆಯದು. 1972ರ ಡಿಸೆಂಬರಿನಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಶಂಕುಸ್ಥಾಪನೆ ನೆರವೇರಿಸಿದ ಆ ಮಾರ್ಗದ ಹೊಣೆಯನ್ನು ರೈಲ್ವೆ ಇಲಾಖೆಯೇ ಹೊತ್ತಿತ್ತು. ಆದರೆ ವರ್ಷವರ್ಷದ ಮುಂಗಡಪತ್ರದಲ್ಲಿ ಹಣ ಸಾಲದೆ ಬಂದಿತು. ಭೂಗತ ಕೊಳವೆಗಳ ಸ್ಥಳಾಂತರ, ನ್ಯಾಯಾಲಯದ ತಡೆಯಾಜ್ಞೆಗಳೂ ಸೇರಿಕೊಂಡವು. 1984ರ ಅಕ್ಟೋಬರಿನಲ್ಲಿ ಸಂಚಾರ ಆರಂಭವಾದಾಗ ಸಿದ್ಧವಾಗಿದ್ದುದು 3.4 ಕಿಲೋಮೀಟರು ಮಾತ್ರ. ಪೂರ್ಣ ಮಾರ್ಗ ಮುಗಿದದ್ದು 1995ರಲ್ಲಿ.

ಅದೇ 1995ರಲ್ಲಿ ದೆಹಲಿ ಬೇರೆ ದಾರಿ ಹಿಡಿಯಿತು. ಕೇಂದ್ರವೂ ದೆಹಲಿ ಸರ್ಕಾರವೂ ಸಮಪಾಲಿನ ಒಡೆಯರಾದ ನಿಗಮವೊಂದು ಸ್ಥಾಪನೆಗೊಂಡು, ಹೆಚ್ಚಿನ ಹಣವನ್ನು ಜಪಾನಿನಿಂದ ಸಾಲವಾಗಿ ತರಲಾಯಿತು. 2006ರಲ್ಲಿ ಮಂಜೂರಾದ ಬೆಂಗಳೂರಿನ ‘ನಮ್ಮ ಮೆಟ್ರೋ’ ಇದೇ ಮಾದರಿಯದು.

ಈ ಮಾದರಿಯಲ್ಲಿ ಜನರು ‘ಕೇಂದ್ರದ ಅನುದಾನ’ ಎಂದು ಕರೆಯುವ ಹಣದ ಬಹುಭಾಗ ದಾನವೇ ಅಲ್ಲ. ಮನೆ ಕಟ್ಟುವ ತಮ್ಮನಿಗೆ ಅಣ್ಣನು ಹಣ ಕೊಡುವ ಬಗೆಗಳನ್ನು ನೆನೆದರೆ ಇದು ತಿಳಿಯಾಗುತ್ತದೆ. ಮನೆಯಲ್ಲಿ ತನಗೂ ಪಾಲಿರಲೆಂದು ಕೊಡುವುದು ಒಂದು. ಅದು ಷೇರು ಬಂಡವಾಳ. ಬಡ್ಡಿಯಿಲ್ಲದ ಕೈಗಡ ಇನ್ನೊಂದು. ಉಳಿದ ಸಾಲಗಳು ತೀರಿದ ಮೇಲೆ ಅದನ್ನು ಹಿಂದಿರುಗಿಸಬೇಕು. ಮೂರನೆಯದು, ಹೊರಗಿನವರಿಂದ ಬಡ್ಡಿಗೆ ತಂದ ಸಾಲ. ವಿದೇಶದಿಂದ ಸಾಲ ತರಿಸಿಕೊಡುವವನು ಕೇಂದ್ರ; ನಿಗಮಕ್ಕೆ ತೀರಿಸಲಾಗದಿದ್ದರೆ ಹೊಣೆ ರಾಜ್ಯದ್ದು. ಭೂಸ್ವಾಧೀನದ ಭಾರವೂ ರಾಜ್ಯದ ಹೆಗಲಿಗೇ. ನಗರದಲ್ಲಿ ದಿನದಿನಕ್ಕೂ ಏರುವುದು ಭೂಮಿಯ ಬೆಲೆಯೇ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ!

ಬೆಂಗಳೂರಿನ ಮೊದಲ ಹಂತ 33 ಕಿಲೋಮೀಟರಿಗೆ 6,395 ಕೋಟಿ ರೂಪಾಯಿಯ ಅಂದಾಜಿನೊಡನೆ ಹೊರಟಿತು. ಮಾರ್ಗ 42.3 ಕಿಲೋಮೀಟರಿಗೆ ಬೆಳೆದು 2017ರಲ್ಲಿ ಪೂರ್ಣಗೊಂಡಾಗ ವೆಚ್ಚ ಸುಮಾರು 14,000 ಕೋಟಿಗೆ ಮುಟ್ಟಿತ್ತು. ಉದ್ದ ಹೆಚ್ಚಿದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ವೆಚ್ಚವಾದರೋ ಇಮ್ಮಡಿಯನ್ನೂ ಮೀರಿತು.

2017ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೆಟ್ರೋ ರೈಲು ನೀತಿ ನೆರವಿಗೆ ಮೂರು ದಾರಿಗಳನ್ನು ತೆರೆಯಿತು: ಖಾಸಗಿಯವರು ಕಟ್ಟುವ ಮಾರ್ಗಕ್ಕೆ ಕೊರತೆ ತುಂಬುವ ಹಣ, ಯೋಜನಾ ವೆಚ್ಚದ ನೂರಕ್ಕೆ 10ರಷ್ಟು ಇಡಿಗಂಟಿನ ಅನುದಾನ, ಇಲ್ಲವೆ ಹಿಂದಿನ ಸಮಪಾಲಿನ ಪದ್ಧತಿ. ಎರಡನೆಯದು ಹೆಸರಿಗೆ ತಕ್ಕ ಅನುದಾನವೇ. ಆದರೆ ಉಳಿದ ತೊಂಬತ್ತರ ಚಿಂತೆ ರಾಜ್ಯದ್ದು. ಯೋಜನೆಯನ್ನು ಅಳೆಯುವ ಕೋಲನ್ನೂ ಈ ನೀತಿ ಬದಲಾಯಿಸಿತು. ಹಿಂದೆ ನೂರಕ್ಕೆ 8ರಷ್ಟು ಹಣಕಾಸಿನ ಪ್ರತಿಫಲ ಬೇಕಿತ್ತು. ಈಗ ಉಳಿಯುವ ಸಮಯ, ಇಂಧನ, ತಗ್ಗುವ ಹೊಗೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ನೂರಕ್ಕೆ 14ರಷ್ಟು ಸಾಮಾಜಿಕ ಪ್ರತಿಫಲ ತೋರಿಸಬೇಕು. ನಾಗರಿಕನ ಒಂದು ಗಂಟೆಗೆ ಬೆಲೆ ಕಟ್ಟಿದ ಈ ಕ್ರಮ ಮೆಚ್ಚತಕ್ಕದ್ದು.

ಆದರೆ ಉಳಿದ ಸಮಯದಿಂದ ಸಾಲದ ಕಂತು ಸಲ್ಲುವುದಿಲ್ಲ. ಅದಕ್ಕೆ ರೊಕ್ಕವೇ ಬೇಕು. ನಿವೃತ್ತ ನ್ಯಾಯಾಧೀಶರ ಅಧ್ಯಕ್ಷತೆಯ ದರ ನಿಗದಿ ಸಮಿತಿಯ ಶಿಫಾರಸಿನಂತೆ 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಹೊಣೆ ನಿನ್ನದೆಂದು ಕೇಂದ್ರ ರಾಜ್ಯಗಳು ಪರಸ್ಪರ ಬೆರಳು ತೋರಿದವು. ಜನರ ಆಕ್ರೋಶದಿಂದಾಗಿ ಕೆಲವು ದೂರಗಳ ದರವನ್ನು ಅದೇ ತಿಂಗಳಲ್ಲಿ ತಗ್ಗಿಸಲಾಯಿತಾದರೂ, ಗರಿಷ್ಠ ದರ 90 ರೂಪಾಯಿಯಾಗಿಯೇ ಉಳಿಯಿತು.