ಕಾಗದ, ಪರದೆ ಮತ್ತು ಮೂರು ತಲೆಮಾರು

ಎನ್.ಆರ್. ಕಾಲೋನಿಯ ಬುಲ್ ಟೆಂಪಲ್ ರಸ್ತೆಯಲ್ಲಿರುವ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಡಿ.ವಿ.ಜಿ. ಹುಟ್ಟುಹಾಕಿದ್ದು 1945ರಲ್ಲಿ. ಅಲ್ಲಿನ ಗ್ರಂಥಾಲಯದ ಅನೇಕ ಹಳೆಯ ಪುಸ್ತಕಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ತಾತ ಕಪಾಟಿನಿಂದ ತೆಗೆದು ಓದಿದ ಪುಸ್ತಕವನ್ನು ಮೊಮ್ಮಗಳು ಮೊಬೈಲಿನಲ್ಲೇ ಓದಬಹುದು. ಆದರೆ ಇಬ್ಬರ ತಲೆಗೂ ಅದು ಒಂದೇ ಹದದಲ್ಲಿ ಇಳಿಯುತ್ತದೆಯೇ?

2000ರಿಂದ 2017ರವರೆಗಿನ 54 ಅಧ್ಯಯನಗಳನ್ನು, ಅಂದರೆ 1,71,000ಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು, ಸ್ಪೇನಿನ ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 2018ರಲ್ಲಿ ಒಟ್ಟಿಗಿಟ್ಟು ತೂಗಿದರು. ಕಥೆ ಓದುವಾಗ ಕಾಗದಕ್ಕೂ ಪರದೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾಹಿತಿ ತುಂಬಿದ ಬರಹದಲ್ಲಿ, ಅದರಲ್ಲೂ ಸಮಯದ ಒತ್ತಡ ಇದ್ದಾಗ, ಕಾಗದದಲ್ಲಿ ಓದಿದವರಿಗೇ ಚೆನ್ನಾಗಿ ಅರ್ಥವಾಗಿತ್ತು. ಅಂತರ ದೊಡ್ಡದೇನಲ್ಲ. ಆದರೆ ಪರದೆ ಎಲ್ಲರಿಗೂ ರೂಢಿಯಾಗುತ್ತ ಬಂದಂತೆ ಅದು ಕಡಿಮೆಯಾಗಬೇಕಿತ್ತಲ್ಲ, ವರ್ಷದಿಂದ ವರ್ಷಕ್ಕೆ ಹೆಚ್ಚೇ ಆಗಿದೆ! ಈಗಿನ ಮಕ್ಕಳಿಗೆ ಮೊಬೈಲ್ ನೀರು ಕುಡಿದಷ್ಟು ಸಲೀಸು, ಓದೂ ಅದರಲ್ಲೇ ಆಗಲಿ ಎಂಬ ನಮ್ಮ ಧೈರ್ಯಕ್ಕೆ ಆಧಾರ ಸಾಲದು.

ಒಂದು ಕಾರಣ ಕಣ್ಣಿಗಿಂತ ಮನಸ್ಸಿನಲ್ಲಿರಬಹುದು. ಪರದೆಯಲ್ಲಿ ಓದಿದ ವಿದ್ಯಾರ್ಥಿಗಳು ತಮಗೆ ಅರ್ಥವಾದುದಕ್ಕಿಂತ ಹೆಚ್ಚು ಅರ್ಥವಾಗಿದೆ ಎಂದು ನಂಬಿದ್ದನ್ನು ಇಸ್ರೇಲಿನ ಅಕರ್‌ಮನ್ ಮತ್ತು ಗೋಲ್ಡ್‌ಸ್ಮಿತ್ 2011ರಲ್ಲೇ ತೋರಿಸಿದ್ದರು. ಅರ್ಥವಾಯಿತು ಅನ್ನಿಸಿದವರು ಮತ್ತೆ ಹಿಂದಿನ ಸಾಲಿಗೆ ಏಕೆ ಹೋಗುತ್ತಾರೆ?

ಇನ್ನೊಂದು, ಜಾಗದ ನೆನಪು. ನಾರ್ವೆಯ ಅನ್ನೆ ಮಾಂಗೆನ್ ತಂಡ 50 ಜನರಿಗೆ ಒಂದು ಪತ್ತೇದಾರಿ ಕಥೆ ಓದಿಸಿತು. ಅರ್ಧ ಜನಕ್ಕೆ ಪುಸ್ತಕ, ಉಳಿದವರಿಗೆ ಕಿಂಡಲ್. ಕಥೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ರೀತಿ ಅರ್ಥವಾಗಿತ್ತು. ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂದು ಜೋಡಿಸುವಾಗ ಮಾತ್ರ ಪುಸ್ತಕ ಹಿಡಿದವರು ಮುಂದಿದ್ದರು. ಓದಿ ಮುಗಿದ ಹಾಳೆಗಳ ದಪ್ಪ ಎಡಗೈಯಲ್ಲಿ ಬೆಳೆಯುತ್ತ, ಓದಬೇಕಾದವುಗಳದು ಬಲಗೈಯಲ್ಲಿ ಕರಗುತ್ತ ಹೋಗುವುದು ಇದಕ್ಕೆ ನೆರವಾಗಿರಬಹುದು ಎಂಬುದು ಅವರ ಊಹೆ.

ಹಾಗೆಂದು ಪರದೆಯನ್ನು ದೂರುವುದು ಅನ್ಯಾಯ. ಚಾಳೀಸು ಬಂದ ಕಣ್ಣಿಗೆ ಹಳೆಯ ಮುದ್ರಣದ ಸಣ್ಣ ಒತ್ತಕ್ಷರಗಳು ಕಲಸಿಹೋಗುತ್ತವೆ. ಅಕ್ಷರ ಹಿಗ್ಗಿಸಿದರೆ ತಾನೆ ಅಲ್ಲಿರುವುದು ತ ಒತ್ತೋ ನ ಒತ್ತೋ ತಿಳಿಯುವುದು? ತೊಡಕೊಂದಿದೆ: ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ. ಮೊಬೈಲಿನಲ್ಲಿ ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ, ಬೆರಳಲ್ಲಿ ಎಳೆದು ತರುವಷ್ಟರಲ್ಲಿ ಮುಂದಿನ ಸಾಲು ತಪ್ಪುತ್ತದೆ. ಹತ್ತಿಂಚಿನ ಟ್ಯಾಬ್ ಆದರೆ ಈ ಕಷ್ಟ ಬಹಳ ಕಡಿಮೆ.

ಆದ್ದರಿಂದ ಅಜ್ಜಿ ತಾತಂದಿರಿಗೆ ಟ್ಯಾಬ್ ಕೊಡಿಸಿ, ಹಿಗ್ಗಿಸುವುದನ್ನು ಕೂತು ಕಲಿಸಿ. ಪರೀಕ್ಷೆಗೆ ಓದುವ ಮಕ್ಕಳ ಕೈಗೆ ಮಾತ್ರ ಪಾಠವನ್ನು ಕಾಗದದಲ್ಲೇ ಕೊಡಿ.