ಕಾವು ಸಡಿಲವಾದ ಕೊಡಲಿ

‘ನಿಮ್ಮ ದೌರ್ಬಲ್ಯ ಏನು?’ ಬೆಂಗಳೂರಿನ ಸಂದರ್ಶನವೊಂದರಲ್ಲಿ ನನಗೆ ಎದುರಾದ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಹಿಂದಿನ ರಾತ್ರಿಯಷ್ಟೇ ಹತ್ತು ಇಂಗ್ಲಿಷ್ ನುಡಿಗಟ್ಟು ಬಾಯಿಪಾಠ ಮಾಡಿದ್ದೆ. ಒಂದನ್ನು ಪ್ರಯೋಗಿಸಿಯೇಬಿಟ್ಟೆ: ‘ಸಮ್‌ಟೈಮ್ಸ್ ಐ ಫ್ಲೈ ಆಫ್ ದ ಹ್ಯಾಂಡಲ್, ಸರ್.’ ಸಿಟ್ಟು ನೆತ್ತಿಗೇರುವುದು ಎಂಬ ಅರ್ಥ ಗೊತ್ತಿತ್ತು. ಹ್ಯಾಂಡಲ್ ಅಂದರೆ ಮಾತ್ರ ಬೈಕಿನ ಹ್ಯಾಂಡಲ್ ಇರಬೇಕು ಅಂದುಕೊಂಡಿದ್ದೆ.

ಅವರು ನಕ್ಕು, ‘ಯಾರ ಮೇಲೆ? ಕೊನೆಯ ಸಲ ಯಾವಾಗ?’ ಎಂದರು.

ನನ್ನ ಬಾಯಿ ಕಟ್ಟಿತು. ಅವತ್ತು ಬೆಳಿಗ್ಗೆಯೇ ಅಪ್ಪ ಫೋನ್ ಮಾಡಿ, ‘ತಿಂಡಿ ಆಯ್ತಾ? ಈ ಸಲನಾದ್ರೂ ಆಗ್ಬಹುದಾ?’ ಎಂದು ಕೇಳಿದ್ದರು. ‘ನಿಮಗೇನು ಗೊತ್ತಾಗುತ್ತೆ, ಇಡಿ ಫೋನು’ ಎಂದು ಕಿರುಚಿದ್ದೆ. ನಾಲ್ಕು ಕಡೆ ಕೆಲಸ ಸಿಗದ ಸಿಟ್ಟು ತೀರಿಸಿಕೊಳ್ಳಲು ನನಗೆ ಸಿಕ್ಕಿದ್ದು ಅವರೊಬ್ಬರೇ.

ಸಂಜೆಯ ಹೊತ್ತಿಗೆ ಐದನೆಯ ‘ಇಲ್ಲ’ವೂ ಬಂತು. ರಾತ್ರಿ ತೀರ್ಥಹಳ್ಳಿ ಬಸ್ಸಿನಲ್ಲಿ ಕೂತು ಆ ನುಡಿಗಟ್ಟನ್ನು ಮೊಬೈಲಿನಲ್ಲಿ ಹುಡುಕಿದೆ. ಬೈಕಲ್ಲ, ಕೊಡಲಿ! ಕಾವು ಸಡಿಲವಾಗಿದ್ದರೆ ಬೀಸಿದಾಗ ಕೊಡಲಿ ಕಳಚಿ ಹಾರುತ್ತದಲ್ಲ, ಅದು. 1840ರ ದಶಕದಲ್ಲೇ ಕೆನಡಾದ ಲೇಖಕ ಥಾಮಸ್ ಹ್ಯಾಲಿಬರ್ಟನ್ ಇದನ್ನು ಬಳಸಿದ್ದರಂತೆ. ಯಾರ ಮೇಲೆ ಎಂದು ಹೇಳಬೇಕಾದರೆ ಮುಂದೆ ‘ಅಟ್’ ಸೇರಿಸಬೇಕು. ನನ್ನ ವಾಕ್ಯದಲ್ಲಿ ಅದಿರಲಿಲ್ಲ. ‘ಅಟ್ ಮೈ ಫಾದರ್’ ಎನ್ನುವ ಧೈರ್ಯ ಎಲ್ಲಿತ್ತು?

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಫೋನಿನ ಸುದ್ದಿಯನ್ನೇ ಎತ್ತಲಿಲ್ಲ. ಕೊಟ್ಟಿಗೆಯಿಂದ ಕೊಡಲಿ ತಂದು ಅಲ್ಲಾಡಿಸಿ ತೋರಿಸಿದರು. ‘ಬೇಸಿಗೇಲಿ ಕಾವು ಒಣಗಿ ಕುಗ್ಗುತ್ತೆ. ಬೀಸೋಕೆ ಮುಂಚೆ ನೋಡಿ ಬೆಣೆ ಹೊಡೀಬೇಕು. ಇಲ್ಲಾಂದ್ರೆ ಮರಕ್ಕೆ ಏನೂ ಆಗಲ್ಲ ಮಾರಾಯಾ, ಹತ್ತಿರ ನಿಂತವರಿಗೆ ಪೆಟ್ಟು.’

‘ತಪ್ಪಾಯ್ತಪ್ಪ’ ಎಂದೆ. ಅವರು, ‘ಮೊದಲು ಊಟ ಮಾಡು’ ಎಂದರು.

ಗೆಳೆಯರೇ, ನಾನಿನ್ನೂ ಕೆಲಸ ಹುಡುಕುತ್ತಿದ್ದೇನೆ. ನುಡಿಗಟ್ಟು ಉರು ಹೊಡೆಯುವುದನ್ನು ಬಿಟ್ಟಿದ್ದೇನೆ. ಅದರ ಹಿಂದಿನ ಚಿತ್ರ ಕಣ್ಣಿಗೆ ಕಟ್ಟಿದರೆ ಮಾತ್ರ ಬಳಸುತ್ತೇನೆ. ದೌರ್ಬಲ್ಯ ಕೇಳಿದರೆ ಸಿಟ್ಟು ಎಂದೇ ಹೇಳುತ್ತೇನೆ, ಅದಕ್ಕೆ ಏನು ಮಾಡುತ್ತಿದ್ದೇನೆ ಎಂಬುದನ್ನೂ ಸೇರಿಸುತ್ತೇನೆ. ಪ್ರತಿ ಸಂದರ್ಶನಕ್ಕೂ ಮುನ್ನ ಈಗ ನಾನೇ ಅಪ್ಪನಿಗೆ ಫೋನ್ ಮಾಡುತ್ತೇನೆ.

‘ಬೆಣೆ ಹೊಡ್ಕೊಂಡಿದ್ದೀಯಾ?’ ಎಂದು ಕೇಳುತ್ತಾರೆ.