ಕೂದಲೆಳೆಗಿಂತ ತೆಳುವಾದ ತಪ್ಪು

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. ಹಾಗೆ ಇಳಿದು ಸಮತಟ್ಟು ರಸ್ತೆಗೆ ಬಂದ ಒಂದು ದಿನ, ಮೆಲ್ಲಗೆ ಬ್ರೇಕ್ ಒತ್ತಿದರೆ ಪೆಡಲ್ಲು ಅಂಗಾಲಿನಡಿ ನಾಡಿಯಂತೆ ಮಿಡಿಯತೊಡಗಿತು. ಸ್ಟೀರಿಂಗೂ ಅದುರುತ್ತಿತ್ತು. ಗ್ಯಾರೇಜಿನವರು ನೋಡಿದ ಕೂಡಲೇ ಹೇಳಿದರು: "ಡಿಸ್ಕ್ ಬೆಂಡ್ ಆಗಿದೆ, ಹೊಸದು ಹಾಕೋಣ." ಹಾಕಿಸಿದೆ. ಏಳೆಂಟು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಅದೇ ಮಿಡಿತ ಮತ್ತೆ ಬಂತು. ಎರಡನೇ ಸಲ ಕಾರು ನೋಡಿದವರು ಉಜಿರೆ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು. "ಡಿಸ್ಕ್ ಬೆಂಡ್ ಆದದ್ದಲ್ಲ ಮಾರಾಯ್ರೆ, ಅದು ಕೂತದ್ದು ಸರಿ ಇಲ್ಲ" ಎಂದರು.

ಆ ಒಂದು ಮಾತಿನಲ್ಲಿ ಈ ಕಸುಬಿನ ತಿರುಳೆಲ್ಲ ಇತ್ತು ಎಂದು ನನಗೆ ಅರ್ಥವಾಗಲು ಅರ್ಧ ದಿನ ಬೇಕಾಯಿತು.

ಬ್ರೇಕ್ ಡಿಸ್ಕ್ ಎರಕದ ಕಬ್ಬಿಣದ್ದು. ಚಕ್ರದ ಒಳಗಿನ ಹಬ್‌ಗೆ ಒತ್ತಿ ಕೂತು ಚಕ್ರದ ಜೊತೆಗೇ ತಿರುಗುತ್ತದೆ. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್‌ನ ಒತ್ತಡದಿಂದ ಕ್ಯಾಲಿಪರ್‌ನ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಅವುಚುತ್ತದೆ. ಡಿಸ್ಕಿನ ಸುತ್ತಲೂ ದಪ್ಪ ಒಂದೇ ಸಮ ಇದ್ದರೆ ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಒಂದು ಕಡೆ ಚೂರು ದಪ್ಪವಿದ್ದರೆ ಸಾಕು, ಆ ಜಾಗ ಬಂದಾಗಲೆಲ್ಲ ಪ್ಯಾಡು ಹಿಂದೆ ಸರಿಯುತ್ತದೆ, ಪಿಸ್ಟನ್ ಆಯಿಲನ್ನು ಹಿಂದಕ್ಕೆ ನೂಕುತ್ತದೆ, ಪೆಡಲ್ಲು ಕಾಲನ್ನು ಎತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ ಒಂಬತ್ತು ಸುತ್ತು ಹಾಕುತ್ತದೆ, ಮಿಡಿತವೂ ಅಷ್ಟೇ. ವೇಗ ಇಳಿದಂತೆ ಮಿಡಿತವೂ ನಿಧಾನವಾಗುತ್ತದೆ. ಈ "ಚೂರು ದಪ್ಪ" ಎಷ್ಟು? 0.02 ಮಿಲಿಮೀಟರ್ ವ್ಯತ್ಯಾಸವನ್ನೂ ಕಾಲು ಗುರುತಿಸಬಲ್ಲದು. ತಲೆಗೂದಲಿನ ದಪ್ಪ ಸುಮಾರು 0.07.

ಆ ಹಿರಿಯ ಮೆಕ್ಯಾನಿಕ್ ಪಾನಾ ಮುಟ್ಟುವ ಮೊದಲು ಕಾರು ಓಡಿಸಿದರು. ಸ್ಟೀರಿಂಗ್ ಅದುರಿದರೆ ತಪ್ಪು ಬಹುಮಟ್ಟಿಗೆ ಮುಂದಿನ ಚಕ್ರಗಳಲ್ಲಿ. ಖಾಲಿ ರಸ್ತೆಯಲ್ಲಿ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿಯೇ ಹಿಡಿದು ಮೆಲ್ಲಗೆ ಎಳೆದು ನೋಡಿದರು. ಅದು ಹಿಂದಿನ ಡ್ರಮ್ಮುಗಳನ್ನು ಮಾತ್ರ ಹಿಡಿಯುತ್ತದೆ. ಅದುರಲಿಲ್ಲ. ಹಾಗಾಗಿ ಹಿಂದಿನದು ಲೆಕ್ಕದಿಂದ ಹೊರಗೆ. ಜೋರಾಗಿ ಒತ್ತಿದಾಗ, ಅದೂ ಜಾರುವ ನೆಲದಲ್ಲಿ ಮಾತ್ರ, ಪೆಡಲ್ಲು ಗಡಗಡ ಎಂದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು, ಅದಕ್ಕೆ ರಿಪೇರಿ ಬೇಡ.

ಆಮೇಲೆ ಚಕ್ರ ಕಳಚಿ, ನಟ್ಟುಗಳನ್ನು ವಾಷರ್ ಹಾಕಿ ಮತ್ತೆ ಬಿಗಿದು, ಡಿಸ್ಕು ಓಡುವಾಗ ಹೇಗಿರುತ್ತದೋ ಹಾಗೇ ಕೂರಿಸಿದರು. ಮ್ಯಾಗ್ನೆಟ್ ಸ್ಟ್ಯಾಂಡಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಅದರ ತುದಿಯನ್ನು ಡಿಸ್ಕಿನ ಅಂಚಿನಿಂದ ಸ್ವಲ್ಪ ಒಳಗೆ ತಾಗಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿದರು. ಮುಳ್ಳು 0.12 ಮಿಲಿಮೀಟರಿನಷ್ಟು ಓಲಾಡಿತು. ಸಾಮಾನ್ಯವಾಗಿ 0.05ರ ಆಸುಪಾಸಿನಲ್ಲಿರಬೇಕು. ಮೈಕ್ರೋಮೀಟರಿನಲ್ಲಿ ಎಂಟು ಕಡೆ ದಪ್ಪ ಅಳೆದರು: ಒಂದು ಕಡೆಗೂ ಇನ್ನೊಂದು ಕಡೆಗೂ 0.03 ವ್ಯತ್ಯಾಸ. ಚಾಕ್‌ಪೀಸಿನಲ್ಲಿ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಗುರುತು ಹಾಕಿಕೊಂಡು ಡಿಸ್ಕ್ ಬಿಚ್ಚಿದರು.

ಹಬ್ಬಿನ ಮುಖದ ಮೇಲೆ ತುಕ್ಕಿನ ಹಕ್ಕಳೆ ಇತ್ತು. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಕಟ್ಟುತ್ತದೆ. ಡಿಸ್ಕ್ ಹಬ್ಬಿಗಿಂತ ಅಗಲ. ಹಾಗಾಗಿ ಹಬ್ಬಿನ ಬಳಿಯ ಸಣ್ಣ ಓರೆ ಡಿಸ್ಕಿನ ಅಂಚಿಗೆ ಬರುವಾಗ ಸುಮಾರು ಎರಡು ಪಟ್ಟು ಆಗುತ್ತದೆ. ಓರೆಯಾಗಿ ಕೂತ ಡಿಸ್ಕು ಬ್ರೇಕ್ ಒತ್ತದಿದ್ದಾಗಲೂ ಪ್ರತಿ ಸುತ್ತಿಗೊಮ್ಮೆ ಅದೇ ಜಾಗದಲ್ಲಿ ಪ್ಯಾಡನ್ನು ಸವರುತ್ತದೆ. ಸಾವಿರಾರು ಕಿಲೋಮೀಟರ್ ಹೀಗೇ ಸವರಿ ಸವರಿ ಅಲ್ಲಿ ಡಿಸ್ಕ್ ತೆಳ್ಳಗಾಗುತ್ತದೆ. ಹೊಸ ಡಿಸ್ಕ್ ಹಾಕಿದ ದಿನ ಸುಖವಾಗಿದ್ದು, ತಿಂಗಳುಗಳ ನಂತರ ಮಿಡಿತ ಮರಳುವುದು ಇದಕ್ಕೇ. ಡಿಸ್ಕು ನಿಜಕ್ಕೂ ಬಾಗುವುದು ಅಪರೂಪ.

ಮಿಡಿತಕ್ಕೆ ಇನ್ನೊಂದು ಕಾರಣವೂ ಉಂಟು. ಘಾಟಿ ಇಳಿದು ಕಾದ ಬ್ರೇಕನ್ನು ಒತ್ತಿಯೇ ನಿಂತರೆ ಪ್ಯಾಡಿನ ಪದಾರ್ಥ ಡಿಸ್ಕಿಗೆ ಅಂಟಿ ಅಲ್ಲೊಂದು ಅಚ್ಚು ಮೂಡುತ್ತದೆ. ನಮ್ಮ ಡಿಸ್ಕಿನಲ್ಲಿ ಆ ಕಪ್ಪು ಮಚ್ಚೆ ಇರಲಿಲ್ಲ.

ತಂತಿ ಬ್ರಷ್, ಆಮೇಲೆ ಎಮರಿ ಪೇಪರ್. ಹಬ್ಬಿನ ಮುಖ ಲೋಹದ ಹೊಳಪು ಕಾಣುವವರೆಗೆ ಅವರು ತಿಕ್ಕಿದರು. ಬೆರಳ ತುದಿಯಿಂದ ಸುತ್ತಲೂ ಸವರಿ ಮತ್ತೆ ತಿಕ್ಕಿದರು. ಇಷ್ಟು ಹೊತ್ತಿನಲ್ಲಿ ಇನ್ನೊಬ್ಬರು ನಾಲ್ಕು ಡಿಸ್ಕ್ ಬದಲಿಸಿರುತ್ತಿದ್ದರು. ಡಿಸ್ಕನ್ನು ಲೇತಿಗೆ ಹಾಕಿ ಎರಡೂ ಮುಖ ತೆಳ್ಳಗೆ ಹೆರೆಸಿದರು. ಹೆರೆದ ಮೇಲೂ ದಪ್ಪ, ಡಿಸ್ಕಿನ ಮೇಲೆಯೇ ಅಚ್ಚೊತ್ತಿರುವ ಕನಿಷ್ಠ ಅಳತೆಗಿಂತ ಹೆಚ್ಚಿತ್ತು. ಕಡಿಮೆಯಾಗಿದ್ದರೆ ಗುಜರಿಗೆ ಹಾಕುವುದೇ ಸರಿ. ತಿರುಗಿ ಕೂರಿಸಿ ಗೇಜ್ ಹಿಡಿದಾಗ 0.06. ಅವರಿಗೆ ಸಮಾಧಾನವಿಲ್ಲ. ಡಿಸ್ಕ್ ಬಿಚ್ಚಿ, ಒಂದು ತೂತು ಮುಂದಕ್ಕೆ ತಿರುಗಿಸಿ ಹಾಕಿದರು. 0.03. ಆಗ ನಕ್ಕರು. ಕ್ಯಾಲಿಪರಿನ ಪಿನ್ನುಗಳು ಸಲೀಸಾಗಿ ಜಾರುತ್ತವೆಯೇ ಎಂದು ನೋಡಿ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಹಾಕಿದರು.

ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಹಂತದಲ್ಲಿ, ಟಾರ್ಕ್ ರೆಂಚಿನಿಂದಲೇ ಬಿಗಿದರು. ಏರ್ ಗನ್ನಿನಲ್ಲಿ ಒಂದನ್ನು ಅತಿಯಾಗಿ, ಇನ್ನೊಂದನ್ನು ಸಡಿಲವಾಗಿ ಬಿಗಿದರೆ ಡಿಸ್ಕ್ ಮತ್ತೆ ಓರೆಯಾಗುತ್ತದೆ, ಇಡೀ ದಿನದ ಕೆಲಸ ಹಾಳು. ಕೊನೆಗೆ ಖಾಲಿ ರಸ್ತೆಯಲ್ಲಿ 60ರಿಂದ 15ಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ವೇಗ ಇಳಿಸಿ ಪ್ಯಾಡ್ ಪಳಗಿಸಿದರು. ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಟ್ಟರು.

ಅಳೆಯದೆ ಡಿಸ್ಕ್ ಬದಲಿಸುವುದು ರಿಪೇರಿಯಲ್ಲ, ಬರೀ ಖರ್ಚು. ನಿಮ್ಮ ಕಾರಿನ ಬ್ರೇಕ್ ಮಿಡಿಯುತ್ತಿದ್ದರೆ, ಹೊಸ ಡಿಸ್ಕಿಗೆ ಒಪ್ಪುವ ಮೊದಲು ಹಬ್ಬಿನ ಮುಖ ತೋರಿಸಲು ಹೇಳಿ, ಗೇಜಿನ ಮುಳ್ಳು ಎಷ್ಟು ಓಲಾಡಿತು ಎಂದು ಕೇಳಿ. ಪಂಚರ್ ಅಂಗಡಿಯಲ್ಲೂ ಅಷ್ಟೇ: ಪಾನಾ ಮೇಲೆ ಹತ್ತಿ ನಿಂತು ನಟ್ಟು ಬಿಗಿಯಲು ಬಿಡಬೇಡಿ.